ಐರ್ಲೆಂಡಿನ ಹೊಲದಲ್ಲಿ ಕುಸಿದ ಕಲ್ಲುಗೋಡೆಯನ್ನು ಮತ್ತೆ ಎಬ್ಬಿಸುವುದು

ಗಾಲ್ವೇ, ಕ್ಲೇರ್ ಕಡೆಯ ಹೊಲಗಳ ಗೋಡೆಗಳಲ್ಲಿ ಗಾರೆ ಇರುವುದಿಲ್ಲ. ಕಲ್ಲಿನ ಭಾರ, ಕಲ್ಲಿಗೆ ಕಲ್ಲಿನ ಹಿಡಿತ, ಇಷ್ಟರಿಂದಲೇ ನಿಲ್ಲುತ್ತವೆ. ಕುಸಿದ ಜಾಗಕ್ಕೆ ಸಿಮೆಂಟ್ ಹಾಕಬೇಡಿ. ನೆಲ ಕುಗ್ಗಿದಂತೆ ಹಳೆಯ ಗೋಡೆ ಹೊಂದಿಕೊಳ್ಳುತ್ತದೆ, ಸಿಮೆಂಟಿನ ತುಂಡು ಹೊಂದಿಕೊಳ್ಳದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

ಬಿದ್ದ ಕಲ್ಲುಗಳೇ ಬಹುಪಾಲು ಸಾಲುತ್ತವೆ. ಕೊರತೆ ಬಿದ್ದರೆ ಹೊಲ ಹಸನು ಮಾಡುವಾಗ ಮೂಲೆಗೆ ಒಟ್ಟಿದ ರಾಶಿಯಿಂದ ತನ್ನಿ. ಹತ್ತಿರದ ರಿಂಗ್‌ಫೋರ್ಟ್‌ನಿಂದ ಮಾತ್ರ ಒಂದು ಕಲ್ಲನ್ನೂ ಎತ್ತಬೇಡಿ. ಆ ವೃತ್ತಾಕಾರದ ದಿಬ್ಬಗಳು ಸಾವಿರ ವರ್ಷಕ್ಕೂ ಹಿಂದಿನ ರೈತರ ಮನೆಯಂಗಳಗಳು. ಅಲ್ಲಿ ಯಕ್ಷರಂಥ ಅಗೋಚರ ಜನ ವಾಸಿಸುತ್ತಾರೆ, ಕೆದಕಿದವರಿಗೆ ಕೇಡು ತಪ್ಪದು ಎಂಬುದು ಹಳ್ಳಿಗರ ನಂಬಿಕೆ. ಈಗ ಕಾನೂನಿನ ರಕ್ಷಣೆಯೂ ಇದೆ. ಎಷ್ಟೋ ದಿಬ್ಬಗಳು ನೇಗಿಲಿಗೆ ಸಿಗದೆ ಉಳಿದದ್ದು ಆ ಭಯದಿಂದಲೇ. ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳುಮರವನ್ನೂ ಹೀಗೇ ಸಾಮಾನ್ಯವಾಗಿ ಯಾರೂ ಕಡಿಯುವುದಿಲ್ಲ. ಅದು ಗೋಡೆಯ ಸಾಲಿಗೆ ಅಡ್ಡ ಬಂದರೆ ಗೋಡೆಯನ್ನೇ ಮರದ ಸುತ್ತ ತಿರುಗಿಸಿ ಕಟ್ಟಿ. ಬೇರಿಗೆ ಒತ್ತಿಕೊಂಡು ಇಟ್ಟ ಕಲ್ಲು ಹೇಗೂ ಎದ್ದುಬಿಡುತ್ತದೆ.

ಕುಸಿತದ ಎರಡೂ ಬದಿ ಗಟ್ಟಿ ಸಾಲು ಸಿಗುವವರೆಗೆ ಮೆಟ್ಟಿಲಾಗಿ ಬಿಚ್ಚಿ. ಗೋಡೆಯ ನೆತ್ತಿಯ ಮೇಲಿನ ತಲೆಗಲ್ಲುಗಳನ್ನು ದೂರ, ಹೊರಮುಖದ ಕಲ್ಲುಗಳನ್ನು ಹತ್ತಿರ, ಚೂರುಗಳನ್ನು ಬೇರೆ ಗುಡ್ಡೆಯಾಗಿ ಇಡಿ. ಕಾಲಾಡಿಸಲು ಗೋಡೆಯ ಬುಡದಲ್ಲಿ ಎರಡಡಿ ಜಾಗ ಬಿಡಿ. ಮೇಲ್ಮಣ್ಣು ತೆಗೆದು ಗಟ್ಟಿ ನೆಲ ಮುಟ್ಟಿದ ಮೇಲೆ ಅತಿ ದೊಡ್ಡ ಕಲ್ಲುಗಳನ್ನು ತಳಕ್ಕೆ ಕೂರಿಸಿ.

1.2 ಮೀಟರ್ ಎತ್ತರದ ಜೋಡಿಗೋಡೆಗೆ (ಎರಡು ಮುಖ, ನಡುವೆ ಚೂರು ತುಂಬಿದ ಗೋಡೆ) ತಳ ಸುಮಾರು 70 ಸೆಂ.ಮೀ., ತಲೆ 35ರಿಂದ 40 ಸೆಂ.ಮೀ. ಇರಲಿ. ಎರಡೂ ಮುಖಕ್ಕೆ ದಾರ ಕಟ್ಟಿ, ಸಾಲು ಏರಿದಂತೆ ದಾರವನ್ನೂ ಏರಿಸಿ. ಪ್ರತಿ ಕಲ್ಲೂ ಕೆಳಗಿನ ಎರಡರ ಮೇಲೆ ಕೂರಬೇಕು. ಸಂದಿನ ಮೇಲೆ ಸಂದು ಬಂದರೆ ಅಲ್ಲೇ ಸೀಳುತ್ತದೆ. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಲಿ. ಉದ್ದನೆಯ ಬದಿ ಹೊರಗಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ನೋಡಲೂ ಚೆಂದ, ಆದರೆ ಹಿಡಿತವಿಲ್ಲದೆ ಜಾರುತ್ತದೆ.

ಹೆಚ್ಚಿನ ಗೋಡೆಗಳು ಉಬ್ಬುವುದು ಹೊಟ್ಟೆಯ, ಅಂದರೆ ಎರಡು ಮುಖಗಳ ನಡುವೆ ಚೂರು ತುಂಬುವ, ಕೆಲಸ ಕೆಟ್ಟಿದ್ದರಿಂದ. ಚೂರುಗಳನ್ನು ಸಲಿಕೆಯಲ್ಲಿ ಸುರಿಯಬೇಡಿ, ಮಣ್ಣು ಸೇರಿಸಬೇಡಿ. ಒಂದೊಂದನ್ನೂ ಕೈಯಲ್ಲಿಟ್ಟು, ಅಲುಗದಂತೆ ಬಿಗಿಮಾಡಿ, ಆ ಸಾಲು ತುಂಬಿದ ಮೇಲಷ್ಟೇ ಮುಂದಿನ ಸಾಲಿಗೆ ಹೋಗಿ. ಬೆಣೆಗಳನ್ನು ಒಳಗಿನಿಂದ ಹೊಡೆಯಿರಿ. ಹೊರಗಿನಿಂದ ತುರುಕಿದವು ಉದುರುತ್ತವೆ. 60 ಸೆಂ.ಮೀ. ಎತ್ತರದಲ್ಲಿ ಮೀಟರಿಗೊಂದರಂತೆ ಎರಡೂ ಮುಖ ಮುಟ್ಟುವ ಅಡ್ಡಗಲ್ಲು ಹಾಕಿ.

ಕೊನೆಗೆ ತಲೆಗಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಒತ್ತೊತ್ತಾಗಿ ಜೋಡಿಸಿ, ಸಂದುಗಳಿಗೆ ಬೆಣೆ ಬಡಿಯಿರಿ. ಕೈಯಿಂದ ಎಳೆದರೆ ಒಂದೂ ಕದಲಬಾರದು.