ಕಡತದ ಮುಂದೆ ಕುಳಿತು ಕಲಿತ ಸಮಾಧಾನ

ಒಳಚರಂಡಿಯ ಮ್ಯಾನ್‌ಹೋಲ್‌ಗೋ ಶೌಚಗುಂಡಿಗೋ ಇಳಿದು ಉಸಿರುಗಟ್ಟಿ ಸತ್ತವರ ಮನೆಯವರಿಗೆ ದೂರು, ಪರಿಹಾರದ ಅರ್ಜಿ, ಮೇಲ್ಮನವಿಗಳನ್ನು ಬರೆದುಕೊಡುವ ಕೆಲಸವನ್ನು ನಾನು ಎಂಟು ವರ್ಷಗಳಿಂದ ಮಾಡುತ್ತಿದ್ದೇನೆ. ನಾನು ವಕೀಲೆಯಲ್ಲ. ಲೆಕ್ಕಪತ್ರ ನೋಡುವ ಉದ್ಯೋಗದಲ್ಲಿರುವುದರಿಂದ ಕಾಗದಗಳನ್ನು ಹೊಂದಿಸುವುದು, ಒಂದು ಕಡತ ಯಾರ ಮೇಜಿನ ಮೇಲೆ ನಿಂತಿದೆ ಎಂದು ಪತ್ತೆಹಚ್ಚುವುದು ನನಗೆ ಬರುತ್ತದೆ, ಅಷ್ಟೆ. ಇಂಥ ಸಾವುಗಳ ನಡುವೆ ಮನಸ್ಸು ಕದಡದಂತೆ, ನಂಬಿಕೆ ಬತ್ತದಂತೆ ಹೇಗಿರುತ್ತೀರಿ ಎಂದು ಹೊಸದಾಗಿ ಜೊತೆಯಾದವರು ಕೇಳುತ್ತಾರೆ. ಮೊದಲ ಎರಡು ವರ್ಷ ನಾನು ಹಾಗಿರಲಿಲ್ಲ.

ಈ ಅನ್ಯಾಯದ ವಿಚಿತ್ರವೆಂದರೆ ಅದನ್ನು ಕಾನೂನು ಎಂದೋ ತಪ್ಪೆಂದು ಒಪ್ಪಿಕೊಂಡಿದೆ. ಮಲ ಹೊರುವ ಕೆಲಸವನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಬಂತು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ ಇಳಿಸಬಾರದೆಂದು ಅದರ 7ನೇ ಕಲಂ ಹೇಳುತ್ತದೆ, ಇಳಿಸಿದವರಿಗೆ ಶಿಕ್ಷೆಯನ್ನು 9ನೇ ಕಲಂ ಹೇಳುತ್ತದೆ. ಆದರೂ ಇಳಿಸುತ್ತಾರೆ. ಒಳಗೆ ಸೇರಿಕೊಂಡಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಹೆಚ್ಚಿದಾಗ ವಾಸನೆ ತಿಳಿಯುವ ಶಕ್ತಿಯೇ ಮಂಕಾಗುವುದರಿಂದ, ಅಪಾಯ ಹೋಯಿತೆಂದು ಅನ್ನಿಸುವ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಮೇಲೆ ನಿಂತವನು ಅವನನ್ನು ಎತ್ತಲೆಂದು ಇಳಿಯುತ್ತಾನೆ. ಒಂದೇ ಗುಂಡಿಯಿಂದ ಎರಡು ಮೂರು ಹೆಣಗಳನ್ನು ತೆಗೆದ ಸುದ್ದಿಗಳನ್ನು ನಾವೆಲ್ಲರೂ ಓದಿದ್ದೇವೆ, ಸತ್ತವರಲ್ಲಿ ಬಹುಪಾಲು ದಲಿತರೇ ಆಗಿರುತ್ತಾರೆಂಬುದೂ ನಮಗೆ ಗೊತ್ತು. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ರಾತ್ರಿ ಮಲಗುವ ಮುನ್ನ ಮೊಬೈಲಿನಲ್ಲಿ ಅಂಥದೇ ದೃಶ್ಯಗಳನ್ನು ನೋಡಿ, ಬೆಳಿಗ್ಗೆ ಕೆಂಡದಂತೆ ಏಳುತ್ತಿದ್ದೆ. ಆ ಕೋಪವೇ ನನ್ನ ನಿಷ್ಠೆಗೆ ಸಾಕ್ಷಿ ಎಂದು ತಿಳಿದಿದ್ದೆ.

ಒಂದು ದಿನ ಕಚೇರಿಯೊಂದರಲ್ಲಿ, ವಂಶವೃಕ್ಷದ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ತಪ್ಪಿದೆಯೆಂದು ನಾಲ್ಕನೆಯ ಬಾರಿ ಅರ್ಜಿಯನ್ನು ಹಿಂದಿರುಗಿಸಿದಾಗ ನಾನು ಗುಮಾಸ್ತರ ಮೇಲೆ ಕೂಗಾಡಿದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಡತ ಮುಂದಿನ ಎರಡು ತಿಂಗಳು ಅಲುಗಲಿಲ್ಲ, ಆ ಎರಡು ತಿಂಗಳ ಮನೆಬಾಡಿಗೆಗೆ ಸಾಲ ಮಾಡಿದ್ದು ನಾನಲ್ಲ, ಗಂಡನನ್ನು ಕಳೆದುಕೊಂಡ ಹೆಂಗಸು. ನನ್ನ ಉದ್ವೇಗದ ಬೆಲೆಯನ್ನು ಬೇರೆಯವರು ತೆರುತ್ತಿದ್ದಾರೆಂದು ಅಂದು ತಿಳಿಯಿತು. ಅಲ್ಲಿಂದ ಮುಂದೆ ಶಾಂತವಾಗಿರುವುದನ್ನು ನಾನು ಆಕೆಗೆ ಸಲ್ಲಬೇಕಾದ ಕರ್ತವ್ಯವೆಂದು ಎಣಿಸಿದೆ.

ರೂಢಿಸಿಕೊಂಡ ಕ್ರಮಗಳು ದೊಡ್ಡವೇನಲ್ಲ. ರಾತ್ರಿ ದೃಶ್ಯಗಳನ್ನು ನೋಡುವುದನ್ನು ಬಿಟ್ಟೆ. ಕಚೇರಿಗೆ ಒಬ್ಬಳೇ ಹೋಗುವುದನ್ನು ನಿಲ್ಲಿಸಿದೆ, ಒಬ್ಬರ ದನಿ ಏರಿದರೆ ಜೊತೆಗಿರುವವರು ಮಾತನ್ನು ಎತ್ತಿಕೊಳ್ಳುತ್ತಾರೆ. ಹೆಚ್ಚು ನೆರವಾದದ್ದು ಒಂದು ನೋಟ್‌ಪುಸ್ತಕ. ಎಡಪುಟದಲ್ಲಿ ಈ ಶನಿವಾರ ಬೇಕಾದ ಒಂದೇ ಒಂದು ಕಾಗದದ ಹೆಸರು: ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಹೀಗೆ. ಬಲಪುಟದಲ್ಲಿ ಅದು ಸಿಕ್ಕಿತೇ, ಸಿಗದಿದ್ದರೆ ಯಾರ ಬಳಿ ನಿಂತಿದೆ. ದೇಶದ ಜಾತಿವ್ಯವಸ್ಥೆಯನ್ನು ಎದುರಿಸಲು ನನ್ನ ಒಂದು ಶನಿವಾರ ಸಾಲದು, ಒಂದು ಕಾಗದವನ್ನು ತರಲು ಸಾಕು.

ನೋಟ್‌ಪುಸ್ತಕದ ಒಳರಟ್ಟಿನ ಮೇಲೆ ಕೆಲವು ಇಸವಿಗಳನ್ನು ಬರೆದಿಟ್ಟಿದ್ದೇನೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ಆದರೂ 2010ರಲ್ಲಿ, ಅದೇ ಕೆಲಸದಲ್ಲಿದ್ದ ಸವಣೂರಿನ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವಿಕೆಯನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಳ್ಳಬೇಕಾಯಿತು. ಕೋಲಾರದ ಕೆಜಿಎಫ್‌ನಲ್ಲಿ ಇದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರೂ ಸಂಗಾತಿಗಳೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ತೀರ್ಪು ಬಂದದ್ದು 2014ರ ಮಾರ್ಚ್‌ನಲ್ಲಿ. 1993ರಿಂದೀಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದಿತು ನ್ಯಾಯಾಲಯ. 2023ರ ಅಕ್ಟೋಬರ್‌ನಲ್ಲಿ ಅದು 30 ಲಕ್ಷವಾಯಿತು. ಹನ್ನೊಂದು ವರ್ಷ ಕಾದವರು ಪ್ರತಿ ವಿಚಾರಣೆಗೂ ಕಾಗದಗಳನ್ನು ಹೊತ್ತು ಹೋಗಿದ್ದರೆಂಬುದನ್ನು ನೆನೆದಾಗ, ನನ್ನ ಎರಡು ತಿಂಗಳು ತನ್ನ ನಿಜವಾದ ಅಳತೆಗೆ ಇಳಿಯುತ್ತದೆ. ನನ್ನ ಭರವಸೆ ನಿಂತಿರುವುದು ಈ ಇಸವಿಗಳ ಮೇಲೆ. ಹಣದಿಂದ ಸತ್ತವರು ಮರಳುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಅದೇ ಹೆಂಗಸಿನ ಕಡತದಲ್ಲಿ ಪೊಲೀಸರ ಮೊದಲ ಕಾಗದ, ಆಕೆಯ ಗಂಡ ಕುಡಿದು ಕಾಲುಜಾರಿ ಬಿದ್ದನೆಂದು ಹೇಳುತ್ತಿತ್ತು. ಪರಿಹಾರದ ಅರ್ಜಿಯನ್ನು ಓದಿ ಹೇಳುತ್ತಿದ್ದಾಗ ಆಕೆ ನನ್ನ ಕೈ ಹಿಡಿದು ತಡೆದರು. "ಅಕ್ಕಾ, ದುಡ್ಡಿನ ಮಾತು ಆಮೇಲೆ. ಕುಡಿದಿದ್ರು ಅಂತ ಬರೆದಿದಾರಲ್ಲ, ಮೊದಲು ಅದು ಹೋಗಬೇಕು. ನನ್ನ ಮಗ ನಾಳೆ ಅದನ್ನ ಓದ್ತಾನೆ." ಆಕೆಯ ದನಿ ಏರಿರಲಿಲ್ಲ. ಅಂದಿನ ಎಡಪುಟದಲ್ಲಿ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಎಂದು ಬರೆದೆ. ಅದನ್ನು ಪಡೆಯಲು ಹಲವು ಶನಿವಾರಗಳು ಬೇಕಾದವು. ದೇಹದಲ್ಲಿ ಮದ್ಯದ ಅಂಶವಿರಲಿಲ್ಲ. ಅದನ್ನು ಲಗತ್ತಿಸಿ, 2013ರ ಕಾಯ್ದೆಯ ಕಲಂಗಳನ್ನು ಸೇರಿಸುವಂತೆ ಮತ್ತೆ ಮನವಿ ಕೊಟ್ಟೆವು.

ಪರಿಹಾರದ ಪೂರ್ತಿ ಮೊತ್ತ ಇನ್ನೂ ಬಂದಿಲ್ಲ, ಮೊಕದ್ದಮೆಯೂ ನಡೆಯುತ್ತಿದೆ. ಆದರೆ ದೋಷಾರೋಪ ಪಟ್ಟಿಯ ಪ್ರತಿ ಕೈಗೆ ಬಂದ ದಿನ, ಗುತ್ತಿಗೆದಾರ ಇಳಿಸಿದ್ದರಿಂದ ವಿಷಾನಿಲಕ್ಕೆ ಸಿಕ್ಕಿ ಸತ್ತರೆಂಬ ಸಾಲಿನ ಮೇಲೆ ಆಕೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಎರಡು ಸಲ ಓದಿದರು. ಆಮೇಲೆ ಮಗನಿಗಾಗಿ ಇನ್ನೊಂದು ಜೆರಾಕ್ಸ್ ಮಾಡಿಸಿಕೊಡಿ ಎಂದರು.