ಒಳಗೇ ತುಂಡಾದ ಸ್ಟಡ್, ಅದರೊಳಗೆ ಮುರಿದ ಡ್ರಿಲ್ ಬಿಟ್: ಹೆಡ್ ಉಳಿಸಿಕೊಂಡು ತೆಗೆಯುವುದು ಹೇಗೆ

ಹಳೆಯ 100 ಸಿಸಿ ಬೈಕಿನ ಸೈಲೆನ್ಸರ್ ಬಿಚ್ಚುವಾಗ ಅದನ್ನು ಎಂಜಿನ್ನಿಗೆ ಹಿಡಿದಿಡುವ ಸ್ಟಡ್ (ತಲೆಯಿಲ್ಲದ, ಥ್ರೆಡ್ ಇರುವ ಬೋಲ್ಟ್) ತುಂಡಾಗುವುದು ತೀರಾ ಸಾಮಾನ್ಯ. ಕರಾವಳಿಯಲ್ಲಿ ಓಡುವ ಗಾಡಿಗಳಲ್ಲಂತೂ ಇನ್ನೂ ಜಾಸ್ತಿ. ಸಾಮಾನ್ಯವಾಗಿ 6 ಎಂಎಂ ಸ್ಟಡ್ ಅದು, ದಿನಾ ಕಾಯುತ್ತದೆ, ತಣಿಯುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಕೊನೆಗೆ ಉಕ್ಕಿನ ಸ್ಟಡ್ಡು ಅಲ್ಯೂಮಿನಿಯಂ ಹೆಡ್ಡಿಗೆ, ಅಂದರೆ ಎಂಜಿನ್ ಸಿಲಿಂಡರಿನ ಮೇಲ್ಭಾಗಕ್ಕೆ, ಕಚ್ಚಿಕೊಂಡು ಕೂತುಬಿಡುತ್ತದೆ.

ಸ್ಟಡ್ ತುಂಡಾದ ತಕ್ಷಣ ಡ್ರಿಲ್ ಮಷೀನ್ ಕೈಗೆತ್ತಿಕೊಳ್ಳಬೇಡಿ. ಸ್ಟಡ್ ತುಂಡಾದರೆ ಅರ್ಧ ದಿನದ ಕೆಲಸ, ಅದರೊಳಗೆ ಬಿಟ್ ಮುರಿದರೆ ಹೆಡ್ಡೇ ಹೋಗಬಹುದು. ಯಾಕೆಂದರೆ ಸ್ಟಡ್ಡಿಗಿಂತ ಬಿಟ್ ತುಂಬಾ ಗಟ್ಟಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟನ್ನು ಇನ್ನೊಂದು ಎಚ್‌ಎಸ್‌ಎಸ್ ಬಿಟ್ ಕೊರೆಯುವುದಿಲ್ಲ, ಪಕ್ಕಕ್ಕೆ ಜಾರಿ ಮೆತ್ತಗಿನ ಅಲ್ಯೂಮಿನಿಯಂ ತಿನ್ನುತ್ತದೆ.

ತುಂಡು ಸ್ವಲ್ಪ ಹೊರಗೆ ಉಳಿದಿದೆಯಾ? ಹಾಗಿದ್ದರೆ ನಿಮ್ಮ ಅದೃಷ್ಟ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಮರುದಿನ ಸ್ಪ್ರೇ ಪೂರ್ತಿ ಒರೆಸಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟು, ಸ್ಟಡ್ ಸುತ್ತಲಿನ ಹೆಡ್ಡಿನ ಭಾಗವನ್ನು ಹೀಟ್ ಗನ್ನಿನಿಂದ ಕಾಯಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುವುದು ಅಲ್ಲೇ. ಬಿಸಿ ಇರುವಾಗಲೇ ವೈಸ್ ಗ್ರಿಪ್ (ಹಿಡಿದು ಲಾಕ್ ಆಗುವ ಇಕ್ಕಳ) ಹಾಕಿ, ಬರೀ ಬಿಚ್ಚುವ ಕಡೆಗೇ ಎಳೆಯದೆ ಸ್ವಲ್ಪ ಬಿಗಿ, ಸ್ವಲ್ಪ ಬಿಚ್ಚು, ಹೀಗೆ ಆಡಿಸುತ್ತಾ ಬನ್ನಿ.

ಮಟ್ಟಕ್ಕೆ ಸರಿಯಾಗಿ ತುಂಡಾಗಿದ್ದರೆ ನನಗೆ ಹೆಚ್ಚು ನಂಬಿಕೆ ವೆಲ್ಡಿಂಗ್ ಮೇಲೆ. ಸ್ಟಡ್ಡಿನ ಮೇಲೆ 8 ಎಂಎಂ ನಟ್ ಇಟ್ಟು ಅದರ ತೂತಿನ ಒಳಗಿಂದ ವೆಲ್ಡ್ ತುಂಬಿಸಬೇಕು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಆ ಬಿಸಿಗೆ ಸ್ಟಡ್ಡಿನ ಕಚ್ಚೂ ಬಿಡುತ್ತದೆ. ಕೆಂಪು ಆರಿದ ಮೇಲೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಆಡಿಸಿ. ನಟ್ ಕಿತ್ತು ಬಂದರೆ ಬೇಜಾರಾಗಬೇಡಿ, ಮತ್ತೆ ವೆಲ್ಡ್ ಮಾಡಿ, ಮೂರನೇ ನಾಲ್ಕನೇ ಸಲಕ್ಕೆ ಬರುವುದೂ ಉಂಟು. ಬ್ಯಾಟರಿಯ ಎರಡೂ ವೈರ್ ಮೊದಲೇ ಬಿಚ್ಚಿರಬೇಕು, ಅದನ್ನು ಮಾತ್ರ ಮರೆಯಬೇಡಿ.

ವೆಲ್ಡಿಂಗ್ ಇಲ್ಲ, ಕೊರೆಯಲೇಬೇಕು ಅಂದರೆ ಅರ್ಧ ಸಮಯ ಸೆಂಟರ್ ಪಂಚ್‌ಗೇ (ಬಿಟ್ ಕೂರಲು ಕುಳಿ ಹೊಡೆಯುವ ಚೂಪು ಉಳಿ) ಕೊಡಿ. ಸ್ಟಡ್ಡಿನ ಮುಖವನ್ನು ಅರದಿಂದ ಸಮ ಮಾಡಿ, ನಟ್ಟನಡುವೆ ಗುರುತು ಹೊಡೆಯಿರಿ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಕೊನೆಗೆ ಒಂದು ಕಡೆಯ ಥ್ರೆಡ್ ಹೋಗುತ್ತದೆ. ಪಿಸ್ಟನ್ನನ್ನು ಕಂಪ್ರೆಷನ್ ಟಾಪ್‌ಗೆ (ಗಾಳಿ ಒತ್ತುವ ಹೊಡೆತದ ಮೇಲ್ತುದಿಗೆ) ತನ್ನಿ, ಆಗ ವಾಲ್ವ್ ಮುಚ್ಚಿರುತ್ತದೆ, ಎಕ್ಸಾಸ್ಟ್ ಪೋರ್ಟಿಗೆ (ಹೆಡ್ಡಿನಿಂದ ಹೊಗೆ ಹೊರಬರುವ ತೂತು) ಬಟ್ಟೆ ತುರುಕಿ, ಕಣ್ಣಿಗೆ ಗಾಗಲ್ ಹಾಕಿ. ಮೊದಲು 2.5 ಎಂಎಂ ಬಿಟ್, ಆಮೇಲೆ 4, ಕೊನೆಗೆ 5. ಸ್ಪೀಡ್ ಕಡಿಮೆ ಇರಲಿ, ಎಣ್ಣೆ ಹಾಕುತ್ತಾ ಇರಿ, ಪುಡಿ ತುಂಬಿಕೊಳ್ಳುವ ಮೊದಲೇ ಬಿಟ್ ಹೊರಗೆ ತೆಗೆದು ಒರೆಸಿ. ಮಷೀನ್ ಓರೆಯಾಯಿತೋ, ಸಣ್ಣ ಬಿಟ್ ಟಪ್ ಅಂತ ಮುರಿಯುತ್ತದೆ. ಎಡಗೈ ಡ್ರಿಲ್ ಬಿಟ್, ಅಂದರೆ ಉಲ್ಟಾ ತಿರುಗಿ ಕೊರೆಯುವಂಥದ್ದು ಸಿಕ್ಕರೆ ಅದನ್ನೇ ತನ್ನಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಸ್ಟಡ್ ತಾನಾಗಿ ಹೊರಗೆ ಬರುತ್ತದೆ. 5 ಎಂಎಂವರೆಗೆ ನಡುವಿನಲ್ಲೇ ಹೋಗಿದ್ದರೆ ಉಳಿಯುವುದು ತೆಳು ಸುರುಳಿ, ಅದನ್ನು ಚೂಪಾದ ಮೊನೆಯಿಂದ ಕಿತ್ತು, ಗ್ರೀಸ್ ಹಚ್ಚಿದ 6 ಎಂಎಂ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಕೈಯಲ್ಲೇ ಓಡಿಸಿದರೆ ಆಯಿತು.

ಈಸಿ ಔಟ್, ಅಂದರೆ ಕೊರೆದ ತೂತಿಗೆ ಉಲ್ಟಾ ತಿರುಗಿಸಿ ಸ್ಟಡ್ ಎಳೆಯುವ ಸಾಧನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಷ್ಟು ಸಣ್ಣ ಸ್ಟಡ್ಡಿಗೆ ನಾನು ಬೇಡ ಅನ್ನುತ್ತೇನೆ. ಅದು ಬೆಣೆಯ ಹಾಗೆ ಒಳಗೆ ಹೋಗಿ ಸ್ಟಡ್ಡನ್ನು ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ, ಮುರಿದರೆ ಡ್ರಿಲ್ ಬಿಟ್ಟಿನದೇ ಕಥೆ. ನನ್ನ ಕೈಯಲ್ಲೇ ಒಂದು ಮುರಿದಿದೆ, ಆವತ್ತಿನಿಂದ ಮುಟ್ಟಿಲ್ಲ.

ಬಿಟ್ ಒಳಗೆ ಮುರಿದೇಬಿಟ್ಟಿತು ಅಂದುಕೊಳ್ಳಿ. ಮೊದಲು ಅಯಸ್ಕಾಂತ, ಸಣ್ಣ ಇಕ್ಕಳ, ಗಾಳಿ ಇವಿಷ್ಟೇ. ಅಲುಗಾಡಿದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಬರಲಿಲ್ಲ ಅಂದರೆ ಸಣ್ಣ ಪಂಚ್ ಇಟ್ಟು ಮೆಲ್ಲಗೆ ತಟ್ಟಿದಾಗ ಕೆಲವು ಸಲ ಪುಡಿಯಾಗಿ ಬರುತ್ತದೆ, ಬಿಟ್ ಗಟ್ಟಿ ಇದ್ದಷ್ಟೂ ಪೆಡಸು ಅಲ್ವಾ.

ಕ್ಷೌರ ಆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕ ಗೊತ್ತಲ್ಲ, ಅದನ್ನು ನೀರಿನಲ್ಲಿ ಕರಗಿಸಿ ಬಿಸಿ ಇಟ್ಟರೆ ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಂ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಬರೀ ಅಲ್ಯೂಮಿನಿಯಂ ಕವರ್ ಆದರೆ ಮುಳುಗಿಸಿಡಬಹುದು. ಹೆಡ್ಡನ್ನು ಮಾತ್ರ ಮುಳುಗಿಸಬೇಡಿ, ವಾಲ್ವ್ ಸೀಟ್ (ವಾಲ್ವ್ ಮುಚ್ಚಿ ಕೂರುವ ಉಂಗುರ) ಕಬ್ಬಿಣದ್ದು, ಅದನ್ನೂ ತಿನ್ನುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಕಾಯಬೇಕು.

ಹೆಡ್ಡಿನಲ್ಲೇ ಸಿಕ್ಕಿಕೊಂಡಿದ್ದರೆ ಬಿಚ್ಚಿ ಸ್ಪಾರ್ಕ್ ಇಡಿಎಂ ಇರುವ ಕಡೆ ಕೊಡಿ. ಬೆಂಗಳೂರಿನ ಪೀಣ್ಯದಂಥ ಜಾಗದಲ್ಲಿ ಟೂಲ್ ರೂಮ್‌ಗಳು ಈ ಕೆಲಸ ಮಾಡುತ್ತವೆ. ಕಿಡಿಯಿಂದಲೇ ಲೋಹ ಸವೆಸುವ ಮಷೀನ್ ಅದು, ಬಿಟ್ ಎಷ್ಟು ಗಟ್ಟಿ ಅನ್ನುವುದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ಉಕ್ಕಿನ ತಂತಿ ಸುರುಳಿ) ಹಾಕಿಸಿ, ಮೂಲ ಥ್ರೆಡ್ಡಿಗಿಂತ ಕಡಿಮೆ ಏನಲ್ಲ.

ಹೊಸ ಸ್ಟಡ್ಡಿಗೆ ಕಾಪರ್ ಗ್ರೀಸ್ ಸ್ವಲ್ಪವೇ ಹಚ್ಚಿ, ಕೈಯಲ್ಲೇ ಕೊನೆವರೆಗೂ ತಿರುಗಿಸಿ ಕೂರಿಸಿ. ಎರಡೂ ನಟ್ ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಒಂದು ಸುತ್ತು ಓಡಿಸಿ ಬಂದು ಎಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ನೋಡಿ.