ಅಡಿಕೆ ಹಾಳೆಯಲ್ಲೊಂದು ರಿಸೆಪ್ಟರ್ ಮಾಡಿ, ಸಕ್ಕರೆಯ ಆಟ ನೋಡಿ

ಮಗಳ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಪ್ರತಿ ವರ್ಷ ಜ್ವಾಲಾಮುಖಿಯೇ. ಅಡುಗೆ ಸೋಡಾ, ವಿನೆಗರ್, ಬುಸ್ ಅಂತ ಕೆಂಪು ನೊರೆ, ಮುಗೀತು. ಈ ಸಲ ಬೇರೆ ಮಾಡೋಣ ಅಂತ ಶಿರಸಿಯ ತವರಿನಿಂದ ಎರಡು ಅಡಿಕೆ ಹಾಳೆ ತಂದೆ. ದೇವಿಮನೆ ಘಟ್ಟ ಇಳಿಯುವಾಗ ಅವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದು ನೋಡಿ ಕಂಡಕ್ಟರ್, "ಎಂತ ಅಕ್ಕಾ, ಕಾರವಾರದಲ್ಲಿ ಬೀಸಣಿಗೆ ಇಲ್ವಾ?" ಅಂದ.

ಮಾಡಹೊರಟಿದ್ದು ಇಜಿಎಫ್‌ಆರ್ ಮಾದರಿ. ಜೀವಕೋಶದ ಮೈಯಿಂದ ಹೊರಗೆ ಚಾಚಿಕೊಂಡಿರುವ ಪ್ರೋಟೀನ್ ಇದು. ಇಜಿಎಫ್ ಎಂಬ ಪುಟ್ಟ ಪ್ರೋಟೀನ್ ಹೊರಗಿನಿಂದ ಬಂದು 'ಬೆಳೆ, ಎರಡಾಗು' ಅಂದರೆ ಆ ಸುದ್ದಿಯನ್ನು ಒಳಗೆ ಮುಟ್ಟಿಸುತ್ತದೆ. ಪಠ್ಯಪುಸ್ತಕದ ಪದ 'ಗ್ರಾಹಕ'. ಅಂಗಡಿ ಗಿರಾಕಿ ನೆನಪಾಗುತ್ತಾನೆ, ಹಾಗಾಗಿ ರಿಸೆಪ್ಟರ್ ಅಂತಲೇ ಕರೆಯೋಣ. ಇಜಿಎಫ್ ಅನ್ನು ಇಲಿಯ ಜೊಲ್ಲು ಗ್ರಂಥಿಯಲ್ಲಿ ಕಂಡುಹಿಡಿದವರು ಸ್ಟ್ಯಾನ್ಲಿ ಕೋಹೆನ್. ಅದನ್ನು ಚುಚ್ಚಿದ ಇಲಿಮರಿಗಳು ಉಳಿದವಕ್ಕಿಂತ ಬೇಗ ಕಣ್ಣು ಬಿಟ್ಟಿದ್ದವು. 1986ರ ನೊಬೆಲ್ ಪ್ರಶಸ್ತಿ ಕೋಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚಿನಿ ಇಬ್ಬರಿಗೂ ಬಂತು.

ಬೇಕಾಗುವ ಸಾಮಾನು: ಎರಡು ಹಾಳೆ, ತೆಂಗಿನ ಗರಿಯ ಕಡ್ಡಿ ಒಂದು ಹಿಡಿ, ದಾರ, ಎರಡು ಮುರುಗಲು ಬೀಜ, ಹಳೆ ಮೀನುಬಲೆಯ ತುಂಡು, ಐದು ಬಣ್ಣದ ಮಣಿ.

ಮೊದಲು ಹಾಳೆ

ಹಾಳೆಯನ್ನು ಅರ್ಧ ತಾಸು ನೀರಲ್ಲಿ ನೆನೆಸಿ. ಒಣ ಹಾಳೆ ಮಡಚಿದರೆ ಸೀಳುತ್ತದೆ. ನೆನೆದ ಮೇಲೆ ನಾಲ್ಕು ಭಾಗವಾಗಿ ಮಡಚಿ. ಒಂದನೇ ಮತ್ತು ಮೂರನೇ ಭಾಗ ಎದುರುಬದುರು ಬರಬೇಕು, ಬೀಜ ಹಿಡಿಯುವುದು ಅವೆರಡರ ನಡುವೆ. ಎರಡನೇ ಭಾಗದಿಂದ ಒಂದು ತೋಳು ಕತ್ತರಿಸಿ ಹೊರಚಾಚಿ. ನಾಲ್ಕನೇ ಭಾಗದಲ್ಲಿ ಒಂದು ಸೀಳು ಮಾಡಿ, ತೋಳಿನ ತುದಿಯನ್ನು ಅದರೊಳಗೆ ಸಿಕ್ಕಿಸಿ. ಸುಮ್ನೆ ಇರುವ ರಿಸೆಪ್ಟರ್ ಹೀಗೆ ಕೈ ಕಟ್ಟಿಕೊಂಡೇ ಇರುತ್ತದೆ. ಮುರುಗಲು ಬೀಜವೇ ನಮ್ಮ ಇಜಿಎಫ್. ಅದು ಬಂದು ಕೂತರೆ ತೋಳು ಬಿಚ್ಚಿಕೊಳ್ಳುತ್ತದೆ, ಪಕ್ಕದ ರಿಸೆಪ್ಟರಿನ ತೋಳಿಗೆ ಸೇರುತ್ತದೆ. ಜೋಡಿಯಾದ ಮೇಲೆ ಜೀವಕೋಶದ ಒಳಗಿರುವ ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಸುದ್ದಿ ಮುಟ್ಟಿತು.

ಎರಡೂ ಹಾಳೆಯನ್ನು ಒಂದು ರಾತ್ರಿ ಅಕ್ಕಿ ಡಬ್ಬದಡಿ ಇಡಿ. ಇಲ್ಲದಿದ್ದರೆ ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತವೆ.

ಆಮೇಲೆ ಸಕ್ಕರೆ

ಈ ರಿಸೆಪ್ಟರಿನ ಹೊರಮೈಗೆ ಸಕ್ಕರೆಗಳ ಗೊಂಚಲು ಅಂಟಿಕೊಂಡಿರುತ್ತವೆ. ನಮ್ಮ ಮಾದರಿಯಲ್ಲಿ ಒಂದು ಕಡ್ಡಿ ಒಂದು ಗೊಂಚಲು, ಒಂದು ಮಣಿ ಒಂದು ಸಕ್ಕರೆ. ವಿಜ್ಞಾನಿಗಳು ಚಿತ್ರ ಬರೆಯುವಾಗ ಬಳಸುವ ಬಣ್ಣವನ್ನೇ ನಾವೂ ಬಳಸಿದೆವು. ಮ್ಯಾನೋಸ್ ಹಸಿರು, ಗ್ಯಾಲಕ್ಟೋಸ್ ಹಳದಿ, ಎನ್-ಅಸಿಟೈಲ್‌ಗ್ಲುಕೋಸಮೈನ್ ನೀಲಿ, ಸಯಾಲಿಕ್ ಆಮ್ಲ ನೇರಳೆ, ಫ್ಯೂಕೋಸ್ ಕೆಂಪು. ಕೆಂಪಿಗೆ ಗುಲಗಂಜಿ ಹಾಕೋಣ ಅಂದಳು ಮಗಳು. ಬೇಡವೇ ಬೇಡ. ಅದು ವಿಷದ ಬೀಜ, ತೂತು ಕೊರೆದರೆ ಪುಡಿ ಹೊರಗೆ ಬರುತ್ತದೆ. ಅದರ ವಿಷ ಜೀವಕೋಶದ ಒಳಗೆ ನುಗ್ಗುವುದು ಹೇಗೆ ಗೊತ್ತಾ? ಮೈಮೇಲಿನ ಇಂಥದೇ ಗ್ಯಾಲಕ್ಟೋಸನ್ನು ಹಿಡಿದುಕೊಂಡು!

ಒಂದು ಕಡ್ಡಿಗೆ ಬುಡದಿಂದ ಎರಡು ನೀಲಿ, ಒಂದು ಹಸಿರು ಪೋಣಿಸಿ. ತುದಿಗೆ ಎರಡು ಕವಲು ಕಟ್ಟಿ. ಪ್ರತಿ ಕವಲಿಗೂ ಹಸಿರು, ನೀಲಿ, ಹಳದಿ, ಕೊನೆಗೆ ನೇರಳೆ. ಕೆಂಪನ್ನು ಬುಡದ ನೀಲಿಯ ಪಕ್ಕ ದಾರದಲ್ಲಿ ಕಟ್ಟಿ. ಜೀವಕೋಶ ಹೀಗೆ ಒಂದೊಂದೇ ಪೋಣಿಸುತ್ತಾ ಕೂರುವುದಿಲ್ಲ. 14 ಸಕ್ಕರೆಯ ಸಿದ್ಧ ಗೊಂಚಲನ್ನೇ ಒಮ್ಮೆಗೆ ಅಂಟಿಸಿ, ಆಮೇಲೆ ಕೆಲವನ್ನು ಕತ್ತರಿಸಿ, ಹೊಸದನ್ನು ಸೇರಿಸುತ್ತದೆ. ಅಂಟಿಸುವುದು ಪ್ರೋಟೀನ್ ಸರಪಳಿಯ ಆಸ್ಪರಾಜಿನ್ ಎಂಬ ಅಮೈನೋ ಆಮ್ಲಕ್ಕೆ, ಅದೂ ಅದರಿಂದ ಒಂದು ಬಿಟ್ಟು ಮುಂದಿನದು ಸೆರಿನ್ ಅಥವಾ ಥ್ರಿಯೋನಿನ್ ಆಗಿದ್ದರೆ. ಇಜಿಎಫ್‌ಆರ್‌ನಲ್ಲಿ ಇಂಥ ಜಾಗ ಹತ್ತಕ್ಕೂ ಜಾಸ್ತಿ ಇವೆ. ಮಾದರಿಗೆ ಆರು ಕಡ್ಡಿ ಸಾಕು.

ಇದನ್ನೆಲ್ಲ ನೋಡುತ್ತಿದ್ದ ಪಕ್ಕದ ಮನೆಯ ಅಕ್ಕ, "ತೊಡೆದೇವು ತಿಂದರೆ ಇದೂ ಜಾಸ್ತಿ ಆಗ್ತದಾ?" ಅಂತ ಕೇಳಿದರು. ಹಾಗಲ್ಲ. ಈ ಗೊಂಚಲನ್ನು ಜೀವಕೋಶವೇ ಎಂಜೈಮ್ ಇಟ್ಟು, ಜಾಗ ನೋಡಿ ಕಟ್ಟುತ್ತದೆ. ಶುಗರ್ ಇರುವವರಿಗೆ ಮಾಡಿಸುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ ಅಳೆಯುವುದು ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್ನಿಗೆ ತಾನಾಗಿಯೇ ಅಂಟಿದ್ದನ್ನು. ಅದೇ ಬೇರೆ, ಇದೇ ಬೇರೆ.

ಈಗ ಒಂದೊಂದೇ ಕಿತ್ತು ನೋಡಿ

ನಿಜವಾದ ಮಜಾ ಇರುವುದು ಇಲ್ಲಿ. ಒಂದು ಕಡ್ಡಿಯನ್ನು ನಾಲ್ಕನೇ ಭಾಗದ ಸೀಳಿನ ಹತ್ತಿರ ಚುಚ್ಚಿ, '579' ಅಂತ ಚೀಟಿ ಅಂಟಿಸಿ. ಇನ್ನೊಂದನ್ನು ಮೂರನೇ ಭಾಗಕ್ಕೆ ಚುಚ್ಚಿ, ಅದಕ್ಕೆ '420' ಚೀಟಿ. ಪ್ರೋಟೀನ್ ಸರಪಳಿಯಲ್ಲಿ ಆಸ್ಪರಾಜಿನ್ನಿನ ಸ್ಥಾನ ಅವು.

579ರ ಗೊಂಚಲು ಇಲ್ಲದಿದ್ದರೆ ತೋಳಿನ ಕಟ್ಟು ಸಡಿಲವಾಗುತ್ತದೆ. ಕಡ್ಡಿ ಕಿತ್ತು, ಸೀಳನ್ನು ಚೂರು ಅಗಲ ಮಾಡಿ ತೋರಿಸಿ. 420ರದ್ದು ಇನ್ನೂ ವಿಚಿತ್ರ. ಲ್ಯಾಬಿನಲ್ಲಿ ಸಕ್ಕರೆ ಅಂಟದಂತೆ ಆ ಒಂದು ಆಸ್ಪರಾಜಿನ್ ಬದಲಿಸಿದಾಗ ರಿಸೆಪ್ಟರ್‌ಗಳು ಇಜಿಎಫ್ ಬರದೆಯೇ ತಮ್ಮಷ್ಟಕ್ಕೆ ಜೋಡಿಯಾಗಿಬಿಟ್ಟವು. ಬಂದರೂ ಇಜಿಎಫ್ ಹಿಡಿಯಲು ಅವಕ್ಕೆ ಆಗಲಿಲ್ಲ. ಯಾರೂ ಒತ್ತದೆ ಕಾಲಿಂಗ್ ಬೆಲ್ ಹೊಡೆದುಕೊಂಡಂತೆ. ಶ್ವಾಸಕೋಶದ ಕ್ಯಾನ್ಸರ್ ಜೀವಕೋಶಗಳಲ್ಲಿ ಇನ್ನೊಂದು ಕಂಡುಬಂದಿದೆ: ನೇರಳೆ, ಕೆಂಪು ಜಾಸ್ತಿ ಇದ್ದರೆ ಈ ರಿಸೆಪ್ಟರ್ ಜೋಡಿಯಾಗುವುದು ಕಮ್ಮಿ.

ಟ್ಯೂನಿಕಾಮೈಸಿನ್ ಎಂಬ ರಾಸಾಯನಿಕ ಹಾಕಿ ಮೊದಲಿಂದಲೇ ಸಕ್ಕರೆ ಅಂಟದಂತೆ ಮಾಡಿದರೆ ರಿಸೆಪ್ಟರ್ ಸರಿಯಾಗಿ ಮಡಚಿಕೊಳ್ಳುವುದೇ ಇಲ್ಲ, ಇಜಿಎಫ್ ಹಿಡಿಯುವುದೂ ಇಲ್ಲ. ತಯಾರಾದ ರಿಸೆಪ್ಟರಿನಿಂದ ಗೊಂಚಲು ಕತ್ತರಿಸಲು ಪಿಎನ್‌ಜಿಯೇಸ್ ಎಫ್ ಎಂಬ ಎಂಜೈಮ್ ಇದೆ. ಕತ್ತರಿಸಿದ ಮೇಲೆ 170 ಕಿಲೋಡಾಲ್ಟನ್ (ಅಣುಗಳನ್ನು ತೂಗುವ ಅಳತೆ) ತೂಗುತ್ತಿದ್ದದ್ದು ಸುಮಾರು 130ಕ್ಕೆ ಇಳಿಯುತ್ತದೆ. ನಾವು ಅಡುಗೆಮನೆಯ ತಕ್ಕಡಿಯಲ್ಲಿ ಹಾಳೆಯನ್ನು ಕಡ್ಡಿ ಸಮೇತ ಒಮ್ಮೆ, ಕಡ್ಡಿ ಕಿತ್ತು ಒಮ್ಮೆ ತೂಗಿ ತೋರಿಸಿದೆವು.

ಕೊನೆಗೆ ಬಲೆ

ಜೀವಕೋಶದ ಹೊರಗೆ ಗ್ಯಾಲೆಕ್ಟಿನ್-3 ಎಂಬ ಪ್ರೋಟೀನ್ ಇರುತ್ತದೆ. ಕವಲು ಜಾಸ್ತಿ ಇರುವ ಗೊಂಚಲುಗಳನ್ನು ಹಿಡಿದು, ಒಂದಕ್ಕೊಂದು ಹೆಣೆದು ಬಲೆಯಂತೆ ಹರಡುತ್ತದೆ. ಅದಕ್ಕೆ ಸಿಕ್ಕ ರಿಸೆಪ್ಟರನ್ನು ಜೀವಕೋಶ ಸುಲಭವಾಗಿ ಒಳಗೆಳೆದುಕೊಳ್ಳಲಾರದು. ಅದು ಮೈಮೇಲೇ ಉಳಿದು ಜಾಸ್ತಿ ಹೊತ್ತು ಸುದ್ದಿ ಕಳಿಸುತ್ತದೆ.

ಒಂದು ಹಾಳೆಯ ಕಡ್ಡಿಗಳಿಗೆ ಮೂರು ನಾಲ್ಕು ಕವಲು ಕಟ್ಟಿ ಬಲೆಯ ಮೇಲಿಡಿ. ಇನ್ನೊಂದು ಹಾಳೆಯನ್ನು ಕಡ್ಡಿಯೇ ಇಲ್ಲದೆ ಪಕ್ಕದಲ್ಲಿಡಿ. ಎರಡನ್ನೂ ಮೆಲ್ಲಗೆ ಎಳೆಯಿರಿ. ಬೋಳು ಹಾಳೆ ನುಣ್ಣಗೆ ಜಾರಿ ಬರುತ್ತದೆ. ಕವಲಿನದು ಬಲೆಯನ್ನೂ ಎಳೆದುಕೊಂಡೇ ಬರುತ್ತದೆ.

ಬೈತಖೋಲ್ ಬಂದರಿನಿಂದ ತಂದ ಬಲೆಯಾದರೆ ಸೋಪಿನಲ್ಲಿ ತೊಳೆದು, ಎರಡು ದಿನ ಗಾಳಿಗೆ ಹಾಕಿ. ನಾವು ಹಾಕಲಿಲ್ಲ. ನಮ್ಮ ಮೇಜಿಗೆ ತೀರ್ಪುಗಾರರಿಗಿಂತ ಮೊದಲು ಶಾಲೆಯ ಬೆಕ್ಕು ಬಂತು.